ಕೊಳವೆ ಯಾರದ್ದು?

ಎರಡು ತಿಂಗಳಿಂದ ಮಗಳ ಅಂಕ ಇಳೀತಾನೇ ಇತ್ತು. ಅವಳದ್ದು ಹತ್ತು ಮೀಟರ್ ಏರ್ ರೈಫಲ್. ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಗುಂಡಿನ ದಪ್ಪವೇ ನಾಲ್ಕೂವರೆ. ಕಾಲು ಮಿಲಿಮೀಟರ್ ಸರಿದರೆ 0.1 ಅಂಕ ಹೋಯ್ತು. ಒಂದು ಪಂದ್ಯಕ್ಕೆ 60 ಗುಂಡು, ಲೆಕ್ಕ ನೀವೇ ಹಾಕಿ. ನಾನಂತೂ ತೀರ್ಪು ಕೊಟ್ಟುಬಿಟ್ಟೆ: ಕೊಳವೆ ಸರಿಯಿಲ್ಲ.

ನಮ್ಮದು ದೊಡ್ಡಬಳ್ಳಾಪುರ, ನಾಲ್ಕು ಮಗ್ಗದ ಮನೆ. ಆ ರೈಫಲ್ ಸೆಕೆಂಡ್ ಹ್ಯಾಂಡು. ರಾತ್ರಿ ಮಗ್ಗ ನಿಲ್ಲಿಸಿದ ಮೇಲೆ ಕೂತು ಕೊಳವೆ ಮಾಡೋರ ಬಗ್ಗೆ ಓದಿದ್ದೇ ಓದಿದ್ದು. ಜರ್ಮನಿಯ ಲೋಥರ್ ವಾಲ್ಥರ್ ಅಂತ ಒಬ್ಬರು. ಯುರೋಪಿನ ಎಷ್ಟೋ ಏರ್‌ಗನ್ ಕಂಪನಿಗಳು ಕೊಳವೆ ತರಿಸಿಕೊಳ್ಳೋದು ಅವರ ಹತ್ರಾನೇ. ರೈಫಲ್ ಮಾಡೋ ಕಾರ್ಲ್ ವಾಲ್ಥರ್ ಬೇರೆ, ಇವರು ಬೇರೆ, ಮನೆತನ ಮಾತ್ರ ಒಂದೇ. ಇದು ತಿಳಿಯೋಕೇ ನನಗೆ ಒಂದು ವಾರ ಹಿಡೀತು! ಇವರ ಏರ್‌ಗನ್ ಕೊಳವೆಯ ತುದಿಯನ್ನು ಕೂದಲೆಳೆಯಷ್ಟು ಬಿಗಿ ಮಾಡಿರ್ತಾರಂತೆ, ಗುಂಡು ಯಾವಾಗಲೂ ಒಂದೇ ಥರ ಹೊರಡಲಿ ಅಂತ. ಓದಿ ಓದಿ, ಒಂದು ಮಗ್ಗ ಮಾರಿ ಹೊಸ ರೈಫಲ್ ತರೋಣ ಅಂತ ಮನಸ್ಸು ಮಾಡಿದೆ. ಹೆಂಡತಿ ಏನೂ ಅನ್ನಲಿಲ್ಲ. ಅದೇ ಭಯ.

ಕೋಚ್ ನಕ್ಕರು. "ಮೊದಲು ಗುಂಡು ನೋಡಿ ಸಾರ್" ಅಂದರು. ಗುಂಡಿನ ಡಬ್ಬಿ ಮೇಲೆ 4.49, 4.50 ಅಂತ ತಲೆಯ ಅಳತೆ ಬರೆದಿರುತ್ತೆ. ಯಾವ ಕೊಳವೆಗೆ ಯಾವುದು ಒಗ್ಗುತ್ತೆ ಅನ್ನೋದನ್ನ ಹೊಡೆದೇ ನೋಡಬೇಕು. ಹಿಡಿ ಬಿಚ್ಚಿ ರೈಫಲ್ಲನ್ನ ವೈಸಿಗೆ ಕಚ್ಚಿಸಿದರು. ಮನುಷ್ಯರ ಕೈಯೇ ಇಲ್ಲ. ನಾಲ್ಕು ಡಬ್ಬಿ, ಒಂದೊಂದರಿಂದ ಹತ್ತು ಗುಂಡು. ನಾವು ಬಳಸ್ತಿದ್ದ 4.50 ಕಾಗದವನ್ನ ಏಳು ಮಿಲಿಮೀಟರ್ ಅಗಲಕ್ಕೆ ಹರಿದಿತ್ತು. 4.49ರ ಡಬ್ಬಿಯಿಂದ ಹೊಡೆದ ಹತ್ತೂ ಗುಂಡು ಸೇರಿ ಒಂದೇ ತೂತು, ಒಂದು ಗುಂಡಿಗಿಂತ ಚೂರೇ ಚೂರು ದೊಡ್ಡದು.

ನಾಚಿಕೆ ಆಯ್ತು. ಸೀರೆ ಕೆಟ್ಟರೆ ಮಗ್ಗಕ್ಕೆ ಬೈಯೋದು, ಕೊನೆಗೆ ನೋಡಿದರೆ ಹೊಕ್ಕಿನ ನೂಲೇ ಸರಿ ಇರಲ್ಲ. ಮೂವತ್ತು ವರ್ಷ ಇದನ್ನೇ ಕಂಡವನು ನಾನು.

ಆಮೇಲೆ ಮಗಳು ಅದೇ 4.49 ಹಾಕಿಕೊಂಡು ನಿಂತು ಹೊಡೆದಳು. ಸ್ವಲ್ಪ ಕೂಡಿಕೊಂಡಿತು, ನಿಜ. ಆದರೆ ವೈಸಿನ ತೂತಿನ ಪಕ್ಕದಲ್ಲಿಟ್ಟರೆ ಅವಳ ಕಾಗದ ಎಲ್ಲೋ ಇತ್ತು. ನಾನು ಎರಡನ್ನೂ ಮಡಚಿ ಜೇಬಿಗೆ ಹಾಕಿಕೊಂಡೆ. ಅವಳು ನೋಡಿಬಿಟ್ಟಿದ್ದಳು.

ಬಸ್ಸಲ್ಲಿ ಕೇಳಿದಳು, "ಹಾಗಾದ್ರೆ ಉಳಿದಿದ್ದು ನನ್ ತಪ್ಪಾ ಅಪ್ಪ?"

ಎರಡು ತಿಂಗಳು ಕೊಳವೆ ಕೊಳವೆ ಅಂತ ಹೇಳಿ ಅವಳಿಗೆ ನೆಪ ಕೊಟ್ಟವನು ನಾನೇ. ಏನು ಹೇಳಲಿ? ರಾಜಾನುಕುಂಟೆ ದಾಟೋವರೆಗೂ ಕಿಟಕಿ ಕಡೆ ನೋಡ್ತಾ ಕೂತೆ. ಆಮೇಲೆ ಅವಳೇ ಮೊಣಕೈಯಿಂದ ತಿವಿದು ಹೇಳಿದಳು: "4.49 ಇನ್ನೂ ಐದು ಡಬ್ಬಿ ತರ್ಸು. ಅದೇ ಲಾಟ್ ನಂಬರ್ ಇರ್ಬೇಕು, ಮರೀಬೇಡ."