ರೈಡರ್ ಬೆಂಚಿನಲ್ಲಿ ಕೂತ ನಿಮಿಷಗಳು

ಕೊಪ್ಪಳ ಜಿಲ್ಲೆಯಲ್ಲಿ ಈಗ ಏಳು ತಾಲೂಕು. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಸೇರಿಕೊಂಡವು. ಆದರೆ ಬೆಂಗಳೂರಲ್ಲಿ ಟೀವಿ ಮುಂದೆ ಕಬಡ್ಡಿ ನೋಡೋಕೆ ಸೇರುವ ನಮ್ಮ ಗುಂಪಿನಲ್ಲಿ ಇನ್ನೂ ಹಳೆಯ ನಾಲ್ಕೇ. ಕೊಪ್ಪಳದವನೊಬ್ಬ, ಗಂಗಾವತಿಯವನೊಬ್ಬ, ಯಲಬುರ್ಗಾದವನೊಬ್ಬ, ಕುಷ್ಟಗಿ ಕಡೆಯ ನಾನು. ನಾಲ್ವರೂ ಬೆಂಗಳೂರು ಬುಲ್ಸ್ ಅಭಿಮಾನಿಗಳು. ಹಾಗಂತ ಒಮ್ಮತ ಇದೆ ಅಂದ್ಕೋಬೇಡಿ. ಪಂದ್ಯ ನಲವತ್ತು ನಿಮಿಷ, ಜಗಳ ಎರಡು ತಾಸು :-)

ಜಗಳದ ವಿಷಯ ಮಾತ್ರ ಪ್ರತಿ ಸೀಸನ್ನೂ ಅದೇ. ನಮ್ಮ ಮುಖ್ಯ ರೈಡರ್ ಹೆಂಗದಾನ? ಅವನ ಹಿಂದೆ ಯಾರದಾರ? ದಾಳಿಯಲ್ಲಿ ದಮ್ ಐತೋ ಇಲ್ಲೋ?

ಗಂಗಾವತಿಯವನದು ಕಾಲುವೆ ನೀರಿನ ಧಾರಾಳ ಮನಸ್ಸು. "ಒಬ್ಬ ದೊಡ್ಡ ರೈಡರ್ ತಗೊಂಡ್ ಬರ್ರಿ, ಮುಗೀತು" ಅನ್ನುವ ಪೈಕಿ. ಅವನ ಕೈಯಲ್ಲಿ ಸಾಕ್ಷಿಯೂ ಉಂಟು. 2019ರ ಜನವರಿ 5ರ ಆರನೇ ಸೀಸನ್ ಫೈನಲ್ ನಮ್ಮಲ್ಲಿ ಯಾರಿಗೆ ಮರೆತೀತು ಹೇಳಿ? ಗುಜರಾತ್ ವಿರುದ್ಧ 38-33. ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬನದೇ. ನಾನಾಗ ಇಂಜಿನಿಯರಿಂಗ್ ಕೊನೇ ವರ್ಷ, ಹಾಸ್ಟೆಲ್ ಟೀವಿ ರೂಮಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಅವನೊಬ್ಬನೇ 39 ಅಂಕ ತಂದ. ತಂಡದ ಒಟ್ಟು 59. ಅಂದರೆ ಮೂರರಲ್ಲಿ ಎರಡು ಪಾಲು ಒಬ್ಬನೇ! ಇಂಥವನಿದ್ದರೆ ಇನ್ನೇನು ಬೇಕು ಅನ್ನಿಸೋದು ಸಹಜ.

ಕೊಪ್ಪಳದವನು ಎಕ್ಸೆಲ್ ಮನುಷ್ಯ. ಎಲ್ಲಾ ಲೆಕ್ಕ ಇಟ್ಟಿರುತ್ತಾನೆ. ಅವನು ತಣ್ಣಗೆ ಕೇಳೋದಿಷ್ಟು: ಏಳನೇ ಸೀಸನ್‌ನಲ್ಲಿ ಪವನ್‌ಗೆ 346 ರೈಡ್ ಅಂಕ, ಎಂಟನೆಯದರಲ್ಲಿ 304. ಎರಡು ಸಲವೂ ಮುನ್ನೂರು ದಾಟಿದ. ಎರಡು ಸಲವೂ ಬುಲ್ಸ್ ಸೆಮಿಫೈನಲ್‌ನಲ್ಲೇ ಸೋತಿತು, ಅದೂ ಒಂದೇ ತಂಡಕ್ಕೆ, ದಬಾಂಗ್ ಡೆಲ್ಲಿಗೆ. 44-38, ಆಮೇಲೆ 40-35. ಯಾಕೆ?

ಇಲ್ಲಿ ಕಬಡ್ಡಿಯ ಒಂದು ಒಳಗುಟ್ಟು ಹೇಳಬೇಕು, ಕ್ರಿಕೆಟ್ ಮಾತ್ರ ನೋಡುವ ಗೆಳೆಯರಿಗೋಸ್ಕರ. ಕ್ರಿಕೆಟ್‌ನಲ್ಲಿ ಔಟಾದ ಬ್ಯಾಟ್ಸ್‌ಮನ್ ಆ ಇನಿಂಗ್ಸ್‌ಗೆ ಮತ್ತೆ ಬರಲ್ಲ. ಕಬಡ್ಡಿಯಲ್ಲಿ ಬರ್ತಾನೆ, ಆದರೆ ತಾನಾಗಿ ಅಲ್ಲ. ಅವನ ತಂಡದ ಇನ್ಯಾರೋ ಎದುರಾಳಿಯನ್ನು ಮುಟ್ಟಿ ಬರಬೇಕು, ಇಲ್ಲಾ ಬಂದ ರೈಡರ್‌ನನ್ನು ಹಿಡಿಯಬೇಕು. ಆಗ ಒಬ್ಬ ಎದ್ದು ಒಳಗೆ ಬರ್ತಾನೆ. ಬೋನಸ್ ಗೆರೆ ತುಳಿದು ತಂದ ಅಂಕಕ್ಕೆ ಯಾರೂ ಏಳಲ್ಲ. ಅದೂ ಸರದಿ ಪ್ರಕಾರ, ಮೊದಲು ಔಟಾದವನು ಮೊದಲು. ನಿಮ್ಮ ಎರಡು ಕೋಟಿ ರೂಪಾಯಿಯ ರೈಡರ್ ಮೂರನೆಯವನಾಗಿ ಔಟಾಗಿದ್ದರೆ, ಅವನಿಗಿಂತ ಮೊದಲು ಇಬ್ಬರು ಎದ್ದು ಬರಬೇಕು. ಅಲ್ಲಿಯವರೆಗೆ ಆ ಎರಡು ಕೋಟಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಟವೆಲ್ ಹಿಡಿದು ಕೂತಿರುತ್ತೆ. ಕೆಲವು ಸಲ ತಂಡಗಳು ಬೇಕಂತಲೇ ಆಲೌಟ್ ಆಗಿ ಎರಡು ಅಂಕ ಹೆಚ್ಚಿಗೆ ಕೊಟ್ಟುಬಿಡುತ್ತವೆ, ಏಳೂ ಜನ ಒಟ್ಟಿಗೆ ವಾಪಸ್ ಬರಲಿ ಅಂತ. ಅಷ್ಟು ದುಬಾರಿ ಆ ಖಾಲಿ ನಿಮಿಷಗಳು.

ಈ ಮಾತನ್ನು ನನ್ನ ತಲೆಗೆ ಹಾಕಿದವನು ಯಲಬುರ್ಗಾದವನು. ಅವನು ಜಾಸ್ತಿ ಮಾತಾಡಲ್ಲ. ಒಂದಿನ ಎಕ್ಸೆಲ್ ನೋಡಿ ಅಂದ: "ಪಾಯಿಂಟ್ ಎಣಿಸಿ ಏನ್ ಮಾಡ್ತೀಯಪಾ. ಅಂವ ಹೊರಗ ಎಷ್ಟೊತ್ತು ಕುಂತಿದ್ದ, ಒಳಗ ಕರಕೊಂಡವ್ರು ಯಾರು, ಅದನ್ನ ಬರಕೋ."

ಈ ಕಣ್ಣಿನಿಂದ ಹಿಂದಿನ ಸೀಸನ್‌ಗಳನ್ನು ನೋಡಿದರೆ ಕಥೆಯೇ ಬೇರೆ. 2022ರ ಹರಾಜಿನಲ್ಲಿ ಪವನ್ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದ. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು, ಸೀಸನ್ ಮುಗಿದೇ ಹೋಯ್ತು. ತಲೈವಾಸ್ ಮುಳುಗಬೇಕಿತ್ತು ಅಲ್ವಾ? ಹುಡುಗ ನರೇಂದರ್ ದಾಳಿ ಹೊತ್ತುಕೊಂಡ, ಉಳಿದವರು ಹಿಡಿದರು, ಆ ತಂಡ ಮೊದಲ ಬಾರಿಗೆ ಸೆಮಿಫೈನಲ್ ಕಂಡಿತು! ಮುಂದಿನ ಸೀಸನ್‌ಗೆ ತೆಲುಗು ಟೈಟಾನ್ಸ್ 2.605 ಕೋಟಿ ಕೊಟ್ಟು ಪವನ್‌ನನ್ನು ತಂತು. ಅವನು ಚೆನ್ನಾಗೇ ಆಡಿದ. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡೇ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು.

ನಮ್ಮ ಬುಲ್ಸ್ ಕಥೆಯೂ ಅಷ್ಟೇ. 2022ರಲ್ಲಿ 1.70 ಕೋಟಿ ಸುರಿದು ವಿಕಾಸ್ ಕಂಡೋಲಾನನ್ನು ತಂದರು. ನಿಜವಾಗಿ ಭಾರ ಎಳೆದವನು ಮೊದಲೇ ತಂಡದಲ್ಲಿದ್ದ ಭರತ್. ಸೆಮಿಫೈನಲ್‌ನಲ್ಲಿ ಜೈಪುರದವರು ಭರತ್‌ನನ್ನು ಕಟ್ಟಿಹಾಕಿದರು, 49-29. 2024ರಲ್ಲಿ ಪರ್ದೀಪ್ ನರ್ವಾಲ್ 70 ಲಕ್ಷಕ್ಕೆ ಬಂದಾಗ ಗಂಗಾವತಿಯವನು ನಮಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದ್ದ. ಲೀಗ್‌ನಲ್ಲಿ ಅವನಷ್ಟು ರೈಡ್ ಅಂಕ ತಂದವರೇ ಇಲ್ಲ. ಫಲಿತಾಂಶ? 22ರಲ್ಲಿ ಎರಡು ಗೆಲುವು, ಕೊನೇ ಸ್ಥಾನ. ಆ ಮಿರ್ಚಿಯ ಖಾರ ಇನ್ನೂ ಇಳಿದಿಲ್ಲ :-(

2025ರಲ್ಲಿ ಕೋಚ್ ಆಗಿ ಬಂದವರು ಕನ್ನಡಿಗ ಬಿ.ಸಿ.ರಮೇಶ್. ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ ಗೆಲ್ಲಿಸಿಕೊಟ್ಟ ಕೋಚ್. ಹರಾಜಿನ ದೊಡ್ಡ ಹೆಸರಿನ ರೈಡರ್ ಯಾರೂ ಇರಲಿಲ್ಲ. ಇರಾನಿನ ಅಲಿರೇಜಾ ಮಿರ್ಜಾಯನ್ ದಾಳಿಗೆ, ಡಿಫೆಂಡರ್ ಯೋಗೇಶ್‌ಗೆ ನಾಯಕತ್ವ. ಹಿಂದಿನ ವರ್ಷ ತಳದಲ್ಲಿದ್ದ ತಂಡ ಪ್ಲೇಆಫ್‌ಗೆ ಬಂತು. ಕಪ್ ಬರಲಿಲ್ಲ ಬಿಡಿ. ಆದರೆ ಮಿರ್ಜಾಯನ್ ಔಟಾದಾಗ ನಮ್ಮ ಎದೆ ಮೊದಲಿನಷ್ಟು ಡವಗುಟ್ಟಲಿಲ್ಲ. ಕಾರ್ನರ್‌ನಲ್ಲಿ ಹಿಡಿಯುವವನಿದ್ದಾನೆ, ಈಗ ಎಬ್ಬಿಸ್ತಾನೆ ಅನ್ನುವ ಧೈರ್ಯ.

ಯಲಬುರ್ಗಾದವನಿಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಅವನೇ ಕಾರ್ನರ್ ಆಟಗಾರ. ಅವನ ಊರು ಯಲಬುರ್ಗಾ ತಾಲೂಕು, ನಮ್ಮೂರು ಕುಷ್ಟಗಿ ತಾಲೂಕು, ನಡುವೆ ಎರಡು ಕಿಲೋಮೀಟರ್ ಎರೆಹೊಲ. ಹೈಸ್ಕೂಲು ಒಂದೇ. ನಾನು ಶಾಲಾ ತಂಡದ ರೈಡರ್, ಅವನು ಎಡಗಡೆ ಕಾರ್ನರ್. ಮ್ಯಾಟ್ ಗೀಟ್ ಏನಿಲ್ಲ, ನೀರು ಹೊಡೆದು ಹದ ಮಾಡಿದ ಕರಿಮಣ್ಣು, ಸುಣ್ಣದ ಗೆರೆ. ಅವನು ಪಾದದ ಗಿಣ್ಣಿಗೆ ಕೈ ಹಾಕಿದರೆ ಮುಗೀತು, ಬಿಡಿಸಿಕೊಂಡವರನ್ನು ನಾನು ನೋಡಿಲ್ಲ. ನಾನು ಔಟಾಗಿ ಹೊರಗೆ ಹೋದರೆ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವನು ಯಾರನ್ನೋ ಹಿಡಿದು ಕೈ ಬೀಸಿ ಕರೆಯುತ್ತಿದ್ದ. ಊರಲ್ಲಿ ಹೆಸರು ಬಂದಿದ್ದು ನನಗೆ.

2012ರಲ್ಲಿ ಮಳೆ ಕೈಕೊಟ್ಟಿತು. ನಾವು ಆಗ ಎಸ್ಸೆಸ್ಸೆಲ್ಸಿ. ತಾಲೂಕು ಮಟ್ಟದ ಪಂದ್ಯಕ್ಕೆ ಒಂದು ವಾರ ಇರುವಾಗ ಅವನ ಮನೆಯವರೆಲ್ಲ ಗುಳೆ ಹೊರಟರು. ಹಾಸಿಗೆ, ಪಾತ್ರೆ, ಒಂದು ಚೀಲ ಜೋಳದ ಜೊತೆ ಅವನೂ ಬೆಂಗಳೂರು ಬಸ್ ಹತ್ತಿದ. ಕಟ್ಟಡದ ಕೆಲಸ. ಪಂದ್ಯದ ದಿನ ಮೂರನೇ ರೈಡ್‌ಗೇ ನಾನು ಔಟಾದೆ. ಕಾರ್ನರ್‌ನಲ್ಲಿ ಬೇರೆ ಹುಡುಗ ನಿಂತಿದ್ದ, ಪಾಪ, ಅವನೂ ಪ್ರಯತ್ನಪಟ್ಟ. ನಾನು ಗೆರೆಯಾಚೆ ಕೂತು ಕೂತು ಎದುರಾಳಿ ರೈಡರ್‌ಗಳು ಬಂದು ಹೋಗುವುದನ್ನು ನೋಡಿದೆ. ಕೂತವನಿಗೆ ನಿಮಿಷ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯ್ತು.

ಅವನು ಪರೀಕ್ಷೆಗೂ ವಾಪಸ್ ಬರಲಿಲ್ಲ. ನಾನು ಪಿಯುಸಿ, ಇಂಜಿನಿಯರಿಂಗ್, ಕ್ಯಾಂಪಸ್ ಅಂತ ಬಂದು ಅದೇ ಬೆಂಗಳೂರು ಸೇರಿದೆ. ಅವನೀಗ ಟೈಲ್ಸ್ ಮೇಸ್ತ್ರಿ, ಕೈಕೆಳಗೆ ಆರು ಜನ. ಮೊದಲ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ನಾನು ಮೂರು ತಿಂಗಳು ಉಳಿದಿದ್ದು ಅವನ ಶೆಡ್ಡಿನಲ್ಲಿ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟಿದ್ದೂ ಅವನೇ.

ನಮ್ಮ ಆಫೀಸಿನಲ್ಲಿ ಇಡೀ ಸಿಸ್ಟಮ್ ಒಂದೇ ಸರ್ವರ್ ಮೇಲೆ ನಿಂತಿದ್ದರೆ ಅದನ್ನು ಗಂಡಾಂತರ ಅಂತ ಗುರುತಿಸ್ತೀವಿ, ಮೀಟಿಂಗ್ ಮಾಡ್ತೀವಿ. ಮನುಷ್ಯರ ವಿಷಯ ಬಂದಾಗ ಅದಕ್ಕೇ ಸ್ಟಾರ್ ಅಂತೀವಿ, ಹಾರ ಹಾಕ್ತೀವಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಒಳ್ಳೆಯ ರೈಡರ್‌ಗಳಿಗೆ ಬರ ಇಲ್ಲ. ತಂಡ ಒಡೆಯೋದು ಹಿಡಿಯುವವರು ಬಸ್ ಹತ್ತಿದಾಗ.

ಮುಂದಿನ ಸೀಸನ್ ನೋಡುವಾಗ ಒಂದು ಕೆಲಸ ಮಾಡಿ. ನಿಮ್ಮ ಮೆಚ್ಚಿನ ರೈಡರ್ ಔಟಾಗಿ ಹೊರಗೆ ಹೋದ ಕೂಡಲೇ ಗಡಿಯಾರ ನೋಡಿಕೊಳ್ಳಿ. ಅವನು ಮತ್ತೆ ಒಳಗೆ ಬಂದಾಗ ಕ್ಯಾಮೆರಾ ಅವನ ಮುಖ ತೋರಿಸುತ್ತೆ. ನೀವು ಮಾತ್ರ ಮೂಲೆಯಲ್ಲಿ ಮಂಡಿ ದೂಳು ಕೊಡವಿಕೊಳ್ಳುತ್ತಿರುವವನ ಹೆಸರು ಬರೆದಿಟ್ಟುಕೊಳ್ಳಿ. ಲೆಕ್ಕ ಎಷ್ಟು ಬಂತು ಅಂತ ನನಗೂ ಹೇಳಿ, ಕೊಪ್ಪಳದವನ ಎಕ್ಸೆಲ್‌ನಲ್ಲಿ ಈಗ ಅದಕ್ಕೊಂದು ಕಾಲಂ ಇದೆ :-)