ಸೋಪಿಗೆ ಎಷ್ಟು ತರಿ ಬೇಕು?

ಪ್ರೀತಿಯ ತಂಗಿ,

ನೀನು ಕಳಿಸಿದ ಸೋಪುಗಳ ಪೊಟ್ಟಣ ಬಂತು. ಬಿಚ್ಚುವಾಗಲೇ ಲಾವಂಚದ ಪರಿಮಳ, ಎಷ್ಟು ಖುಷಿಯಾಯಿತು ಗೊತ್ತಾ? ಚಿಕ್ಕಮ್ಮನ ಫೋನೂ ಬಂದಿತ್ತು. ಮಹಡಿ ತುಂಬ ನಿನ್ನ ಕಾಫಿ ಚರಟ, ಕಿತ್ತಳೆ ಸಿಪ್ಪೆ, ಬೇವಿನೆಲೆಗಳೇ ಹರಡಿಕೊಂಡು ಹಪ್ಪಳಕ್ಕೆ ಜಾಗವಿಲ್ಲವಂತೆ. ದೂರು ಹೇಳುತ್ತಲೇ ಪಕ್ಕದ ಮನೆಯವರು ಇನ್ನೆರಡು ಸೋಪು ಕೇಳಿದ್ದನ್ನೂ ಎರಡೆರಡು ಸಲ ಹೇಳಿದರು. ನಿನ್ನಮ್ಮನಿಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಅಂತ ನಿನಗೆ ತಿಳಿದಿರಲಿ.

ಈಗ ಆ ಅಕ್ರೋಟ್ ಚಿಪ್ಪಿನ ಸೋಪಿನ ವಿಷಯ. ಅದರಲ್ಲಿ ಹಿತ್ತಲ ಬಚ್ಚಲುಕಲ್ಲು ತೊಳೆಯಬಹುದು ಕಣೇ, ಕೆನ್ನೆ ತೊಳೆಯೋಕಾಗಲ್ಲ! ಚಿಪ್ಪನ್ನು ಎಷ್ಟೇ ಕುಟ್ಟಿದರೂ ಚೂರಿನ ಅಂಚು ಚೂಪಾಗಿಯೇ ಉಳಿಯುತ್ತದೆ. ಕಣ್ಣಿಗೆ ಕಾಣದಂತೆ ಗೀರುತ್ತದೆ, ಆಮೇಲೆ ನೀರು ತಾಗಿದಾಗ ಉರಿಯುತ್ತದೆ. ಕೊಳೆ ತೆಗೆಯುವುದು ಸೋಪಿನದೇ ಕೆಲಸ, ಅದನ್ನು ಸೋಪು ಚೆನ್ನಾಗಿಯೇ ಮಾಡುತ್ತದೆ. ತರಿಗೆ ಉಳಿಯುವುದು ಮೇಲಿನ ಒಣಚರ್ಮವನ್ನು ಮೆಲ್ಲಗೆ ಬಿಡಿಸುವ ಕೆಲಸವಷ್ಟೇ. ಹಾಗಾಗಿ ಯಾವ ಪುಡಿ ಹಾಕಲಿ ಎಂದು ಯೋಚಿಸುವ ಮೊದಲು ಇದು ಯಾರ ಮೈಗೆ, ಮೈಯ ಯಾವ ಜಾಗಕ್ಕೆ ಎಂದು ಕೇಳಿಕೋ.

ಮುಖಕ್ಕಾದರೆ ತೆಳುಬಟ್ಟೆಯಲ್ಲಿ ಜರಡಿ ಹಿಡಿದ ಹೆಸರುಹಿಟ್ಟು ಬಿಟ್ಟು ಬೇರೇನನ್ನೂ ನಾನು ಒಪ್ಪುವುದಿಲ್ಲ. ಎಣ್ಣೆಸ್ನಾನದ ದಿನ ಅಜ್ಜಿ ನಮ್ಮ ಬೆನ್ನಿಗೆ ಉಜ್ಜುತ್ತಿದ್ದದ್ದೂ ಅದೇ ಅಲ್ಲವೇ? ನೆನೆದಂತೆ ಮೆತ್ತಗಾಗುತ್ತದೆ, ಉಜ್ಜಿದ್ದೂ ತಿಳಿಯದು, ಆದರೂ ಮೈ ನುಣುಪಾಗುತ್ತದೆ. ಗುಳ್ಳೆ ಎದ್ದ ಮುಖ, ಇಸುಬು ಇರುವ ಚರ್ಮ, ಎಳೆಮಕ್ಕಳ ಮೈ, ಇವುಗಳಿಗೆ ಮಾತ್ರ ಯಾವ ತರಿಯೂ ಬೇಡ. ನಿಮ್ಮ ಮನೆಯ ಮಗುವಿಗೆ ಬರೀ ಸೋಪೇ ಮಾಡಿ ಕೊಡು.

ಕಾಫಿ ಚರಟದ ಸೋಪು ಅಡುಗೆಮನೆ ಸಿಂಕಿನ ಪಕ್ಕ ಇರಬೇಕಾದದ್ದು. ಬೆಳ್ಳುಳ್ಳಿ ಸುಲಿದ ಕೈ, ಗಿಡಕ್ಕೆ ಗೊಬ್ಬರ ಹಾಕಿ ಬಂದ ಕೈ ತೊಳೆದು ನೋಡು, ವಾಸನೆ ಎಷ್ಟೋ ತಗ್ಗುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದ ಮೇಲೆ ಉಳಿದ ಚರಟವೇ ಸಾಕು, ಹೊಸ ಪುಡಿ ಹಾಳುಮಾಡಬೇಡ. ಗಸಗಸೆ ನನಗೆ ತುಂಬ ಇಷ್ಟ. ಕಾಳು ಉರುಟಾಗಿರುವುದರಿಂದ ಗೀರುವುದಿಲ್ಲ. ಆದರೆ ಒಂದು ಮಾತು, ಮರೆಯಬೇಡ: ದುಬೈಗೋ ಸಿಂಗಪುರಕ್ಕೋ ಹೋಗುವವರ ಕೈಯಲ್ಲಿ ಗಸಗಸೆ ಸೋಪು ಕೊಡಬೇಡ. ಅಲ್ಲಿ ಗಸಗಸೆಗೆ ನಿಷೇಧವಿದೆ. ನಿನ್ನ ಪ್ರೀತಿಯ ಉಡುಗೊರೆ ಪಾಪ ಅವರನ್ನು ವಿಮಾನ ನಿಲ್ದಾಣದಲ್ಲಿ ಕಷ್ಟಕ್ಕೆ ಸಿಕ್ಕಿಸೀತು. ಇನ್ನು ಹಿಮ್ಮಡಿಗೆ, ಬಳ್ಳಿಯಲ್ಲೇ ಬಲಿತು ಒಣಗಿದ ತುಪ್ಪದ ಹೀರೆಕಾಯಿಯ ನಾರನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಅಚ್ಚಿನಲ್ಲಿಟ್ಟು ಮೇಲೆ ಸೋಪು ಸುರಿ. ಚಿಕ್ಕಮ್ಮನ ಒಡೆದ ಹಿಮ್ಮಡಿಗೆ ಮೊದಲು ಅದನ್ನೇ ಮಾಡಿಕೊಡು.

ಗಸಗಸೆ ಎಲ್ಲ ತಳಕ್ಕಿಳಿಯಿತು ಅಂತ ಬರೆದಿದ್ದೆಯಲ್ಲ, ಅದು ಬೆರೆಸುವ ಹೊತ್ತಿನ ಪ್ರಶ್ನೆ. ಎಣ್ಣೆ ಮತ್ತು ಕಾಸ್ಟಿಕ್ ನೀರಿನ ಮಿಶ್ರಣ ನೀರ್ದೋಸೆ ಹಿಟ್ಟಿನಷ್ಟು ತೆಳ್ಳಗಿದ್ದಾಗ ಹಾಕಿದರೆ ಕಾಳು ಮುಳುಗದೆ ಇನ್ನೇನು ಮಾಡೀತು? ಇಡ್ಲಿ ಹಿಟ್ಟಿನ ಹದಕ್ಕೆ ಬರಲಿ, ಆಗ ಹಾಕು. ಅರ್ಧ ಕೆಜಿ ಎಣ್ಣೆಗೆ ಒಂದು ದೊಡ್ಡ ಚಮಚ ತರಿ ಸಾಕು, ಗಸಗಸೆಯಾದರೆ ಸಣ್ಣ ಚಮಚವೇ ಸಾಕು. ಅರಿಶಿನ ಹಾಕಿದ್ದು ಕೆಂಪಾಯಿತೆಂದು ಗಾಬರಿಯಾಗಬೇಡ. ಆರತಿಯ ಓಕುಳಿಯಲ್ಲಿ ಅರಿಶಿನಕ್ಕೆ ಸುಣ್ಣ ಮಾಡುವುದನ್ನೇ ಇಲ್ಲಿ ಕಾಸ್ಟಿಕ್ ಸೋಡಾ ಮಾಡಿದೆ. ಗುಲಾಬಿ ಎಸಳೂ ಅದರಲ್ಲಿ ಕಂದಿ ಹೋಗುತ್ತದೆ, ಅದನ್ನು ದೇವರಿಗೇ ಏರಿಸು.

ನನ್ನ ಜೀವ ಹೊಡೆದುಕೊಳ್ಳುವುದು ಆ ಕಾಸ್ಟಿಕ್ ಸೋಡಾ ನೆನೆದಾಗಲೇ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಲೇಬಾರದು, ಕುದಿದು ಮೇಲೆ ಚಿಮ್ಮುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ, ಸೋಡಾ ಅದನ್ನು ತಿಂದುಬಿಡುತ್ತದೆ. ಸ್ಟೀಲೇ ಇರಲಿ. ಕನ್ನಡಕ, ಕೈಗವಸು ಹಾಕಿಕೋ, ಕಿಟಕಿ ತೆರೆದಿಡು, ಮಗು ಮಲಗಿದ ಮೇಲೆ ಮಾಡು. ಇದೊಂದನ್ನು ಅಕ್ಕನಿಗಾಗಿ ಪಾಲಿಸು.

ಇಷ್ಟೆಲ್ಲ ಕಷ್ಟ ಏಕೆ ಎಂದು ಚಿಕ್ಕಪ್ಪ ಕೇಳಿದರೆ ಹೀಗೆ ಹೇಳು: ಅಂಗಡಿಯ ಫೇಸ್‌ವಾಶ್, ಸ್ಕ್ರಬ್‌ಗಳಲ್ಲಿ ತರಿಗೆಂದು ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಹಾಕುತ್ತಿದ್ದರು. ಅವು ಬಚ್ಚಲಿನಿಂದ ನದಿ, ಕೆರೆ ಸೇರಿ ಅಲ್ಲೇ ಉಳಿದವು. ಅದಕ್ಕೇ ಅಮೆರಿಕ 2015ರಲ್ಲಿ ಅವನ್ನು ನಿಷೇಧಿಸುವ ಕಾನೂನು ತಂದಿತು. ನಿನ್ನ ಹೆಸರುಹಿಟ್ಟು ಮಣ್ಣಿಗೆ ಹೋದರೆ ಮಣ್ಣೇ ಆಗುತ್ತದೆ. ನೀನು ಹಿಡಿದ ಕೆಲಸ ಒಳ್ಳೆಯದು, ಬಿಡಬೇಡ.

ದೀಪಾವಳಿಯ ಎಣ್ಣೆಸ್ನಾನಕ್ಕೆ ಈ ಸಲ ಮನೆಮಂದಿಗೆಲ್ಲ ನಿನ್ನದೇ ಸೋಪು ಬೇಕು. ಸುರಿದ ಸೋಪು ಗಾಳಿಗೆ ಒಣಗಿ ಗಟ್ಟಿಯಾಗಲು ನಾಲ್ಕರಿಂದ ಆರು ವಾರ ಬೇಕಾದ್ದರಿಂದ, ಮಹಾಲಯ ಅಮಾವಾಸ್ಯೆಯೊಳಗೆ ಅಚ್ಚಿಗೆ ಸುರಿದುಬಿಡು. ನನಗೆ ಹೆಸರುಹಿಟ್ಟಿನದು ನಾಲ್ಕು, ಕಾಫಿಯದು ಎರಡು ಎತ್ತಿಡು.

ನಿನ್ನ,
ಅಕ್ಕ