ನೀರು ಇಳಿದ ದಾರಿ

ಟಾಪಿನ ನಟ್ಟನಡುವೆ, ತುಸು ಮುಂದಕ್ಕೆ, ಸೂಜಿಯಷ್ಟು ಸಣ್ಣ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸುತ್ತಿದ್ದೇನೆ. ಪ್ಲಾಸ್ಟಿಕ್ಕಿನ ಬಿಳಿ ಎಳೆ ಸುರುಳಿಯಾಗಿ ಮೇಲೆದ್ದು ಬರುತ್ತಿದೆ. ನೀವು ಈ ಕಡೆ ಬನ್ನಿ, ಕಿಟಕಿಯ ಬದಿಗೆ. ಅಲ್ಲಿ ನಿಂತರೆ ನೆರಳು ಕೆಲಸದ ಮೇಲೆ ಬೀಳುತ್ತದೆ. ಹೊರಗೆ ಜುಲೈ ಮಳೆ ಹಂಚಿನ ಮೇಲೆ ಒಂದೇ ಸಮನೆ ಹೊಡೆಯುತ್ತಿದೆ. ಮೇಜಿನ ಮೇಲಿರುವುದು ಆಟಿಕೆ ಅಂಗಡಿಯಲ್ಲಿ ಸಿಗುವ, ಹಿಂದಕ್ಕೆಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಅಂಬಾಸಿಡರ್. ಒಳಗಿನ ಸ್ಪ್ರಿಂಗ್ ಡಬ್ಬಿಯನ್ನು ಆಗಲೇ ತೆಗೆದಿಟ್ಟಾಗಿದೆ. ಈ ಕಾರು ಇನ್ನು ಎಲ್ಲಿಗೂ ಓಡುವುದಿಲ್ಲ.

ಬಿಟ್ಟು ಆಚೆ ಹೊಕ್ಕಿತು. ಇಲ್ಲಿ ಒಂದು ಕಾಲಕ್ಕೆ ಕೆಂಪು ದೀಪ ಇತ್ತು. 2017ರ ಮೇ 1ರಿಂದ ದೇಶದಲ್ಲಿ ಮಂತ್ರಿಗಳ, ಅಧಿಕಾರಿಗಳ ಕಾರುಗಳ ಮೇಲಿನ ಕೆಂಪು ದೀಪ ಇಳಿಯಿತಲ್ಲ, ಆಗ ಈ ಕಾರಿನದನ್ನೂ ಯಾರೋ ಬಿಚ್ಚಿದರು; ಬೋಲ್ಟಿನ ತೂತು ಮುಚ್ಚುವ ಗೋಜಿಗೆ ಹೋಗಲಿಲ್ಲ. ಮುಂದೆ ಗಾಡಿ ಕಂಡಮ್ ಆಯಿತು. ಕರಾವಳಿಯ ಯಾವುದೋ ಕಚೇರಿಯ ಹಿಂದೆ, ಮಾವಿನಮರದ ಬುಡದಲ್ಲಿ, ಹರಾಜಿಗೆ ಕಾಯುತ್ತ ನಿಂತಿತು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಮೊದಲ ಮಳೆಯ ನೀರು ಹುಡುಕಿ ಹೊಕ್ಕಿದ್ದು ಈ ತೂತನ್ನೇ.

ಇಷ್ಟು ಕಥೆ ಕಟ್ಟಿಕೊಳ್ಳದೆ ನಾನು ಬಣ್ಣದ ಡಬ್ಬಿ ತೆರೆಯುವುದಿಲ್ಲ. ತುಕ್ಕು ಹಿಡಿದದ್ದೆಂದು ತೋರಿಸುವ ಎಷ್ಟೋ ಪುಟ್ಟ ಕಾರುಗಳನ್ನು ನೋಡಿದ್ದೇನೆ. ಕಿತ್ತಳೆ ಬಣ್ಣವನ್ನು ಮೈತುಂಬ ಒಂದೇ ಹದಕ್ಕೆ ಬಳಿದಿರುತ್ತಾರೆ. ಕಬ್ಬಿಣ ಹಾಗೆ ಸಾಯುವುದಿಲ್ಲ. ನೀರು ಎಲ್ಲಿ ಹೊಕ್ಕಿತು, ಎಲ್ಲಿ ತಂಗಿತು, ಯಾವ ಕಡೆಯಿಂದ ಇಳಿದುಹೋಯಿತು, ಮೊದಲು ಅದು ಗೊತ್ತಾಗಬೇಕು. ಆಮೇಲೆ ಯಾವ ಬಣ್ಣ ಎಲ್ಲಿಗೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅಂಬಾಸಿಡರನ್ನೇ ಆರಿಸಿಕೊಳ್ಳಲು ಒಂದು ಕಾರಣ ಅದರ ಮೈಕಟ್ಟು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಆಕಾರ. ಕೋಲ್ಕತ್ತಾ ಬಳಿಯ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಆ ಉಬ್ಬುಗಳು ಹೆಚ್ಚುಕಡಿಮೆ ಹಾಗೇ ಉಳಿದವು. ಲಾರಿಗಿರುವಂತೆ ಇದಕ್ಕೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಎಲುಬು. ಬಾಗಿಲ ಕೆಳಗಿನ ಪಟ್ಟಿ ತಿಂದುಹೋದರೆ ಇಡೀ ಕಾರಿನ ಬಲ ಹೋಯಿತೆಂದೇ ಲೆಕ್ಕ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

ನಿಜವಾದ ಕಾರಿನ ಉದ್ದ ಸುಮಾರು 4.3 ಮೀಟರ್; ಇದರದು 12 ಸೆಂಟಿಮೀಟರ್. 36ರಲ್ಲಿ ಒಂದು ಪಾಲು. ಒಂದು ಮಿಲಿಮೀಟರ್ ತಗಡು ಈ ಲೆಕ್ಕದಲ್ಲಿ 0.03 ಮಿಲಿಮೀಟರಿಗೂ ತೆಳ್ಳಗಾಗಬೇಕು. ಆಟಿಕೆಯ ಪ್ಲಾಸ್ಟಿಕ್ಕೋ ಒಂದೂವರೆ ಮಿಲಿಮೀಟರ್ ದಪ್ಪ. ಹಾಗೇ ತೂತು ಮಾಡಿದರೆ ಐದು ಸೆಂಟಿಮೀಟರ್ ದಪ್ಪದ ಬಾಗಿಲನ್ನು ತೋರಿಸಿದಂತಾಗುತ್ತದೆ, ತೂತಿನ ಅಂಚೇ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೇ ಒಳಗಿನಿಂದ ಸವೆಸಬೇಕು. ಸಣ್ಣ ಮೋಟಾರಿಗೆ ಗುಂಡುತಲೆಯ ಬಿಟ್ಟು ಹಾಕಿದ್ದೇನೆ. ನಿಧಾನಕ್ಕೆ ಓಡಬೇಕು, ಜೋರಾದರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೇ ಮೆತ್ತಿಕೊಳ್ಳುತ್ತದೆ. ಒಂದಿಷ್ಟು ಸವೆಸುವುದು, ಟ್ಯೂಬ್‌ಲೈಟಿಗೆ ಹಿಡಿದು ನೋಡುವುದು, ಮತ್ತೆ ಸವೆಸುವುದು. ಇಗೋ, ಹಿಂದಿನ ಚಕ್ರದ ಮುಂದುಗಡೆ ಬೆಳಕು ಮಸುಕಾಗಿ ತೂರಿ ಬರುತ್ತಿದೆ, ಕಂಡಿತೇ? ಅಲ್ಲೀಗ ಕಾಗದದಷ್ಟು ಮಾತ್ರ ಉಳಿದಿದೆ. ಬ್ಲೇಡಿನ ಮೊನೆಯಿಂದ ಚುಚ್ಚಿ ಅಂಚನ್ನು ಚೂರು ಚೂರೇ ಕೀಳುತ್ತೇನೆ. ಉರುಟು ತೂತು ಬೇಡ, ಹರಕು ಬೇಕು.

ಪ್ರೈಮರ್ ಬಳಿದು ಒಣಗಿಸಿದ್ದಾಯಿತು. ಇನ್ನು ಮೊದಲು ತುಕ್ಕು, ಅದರ ಮೇಲೆ ಬಿಳಿ ಬಣ್ಣ. ನಿಜವಾದ ಕಾರಿನಲ್ಲಿ ನಡೆದದ್ದಕ್ಕೆ ಪೂರ್ತಿ ತಿರುವುಮುರುವು.

ಸ್ಪಂಜಿನ ಚೂರಿಗೆ ಕಪ್ಪುಗಂದು ಹಚ್ಚಿ ಒತ್ತುತ್ತಿದ್ದೇನೆ, ಅದರ ಮೇಲೆ ಕೆಂಗಂದು, ಕಿತ್ತಳೆ ತೀರ ಸ್ವಲ್ಪ. ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಸೇರಿ ಯಾವಾಗಲೂ ಒಂದೇ ವಸ್ತುವಾಗುವುದಿಲ್ಲ. ಹೊಸ ತುಕ್ಕಿನ ಕಿತ್ತಳೆ ಲೆಪಿಡೋಕ್ರೋಸೈಟಿನದು. ಹಳದಿಗಂದು ಗೋಥೈಟಿನದು. ಗಾಳಿ ಸರಿಯಾಗಿ ತಾಗದ ಒಳಪದರದಲ್ಲಿ ಕಪ್ಪು ಮ್ಯಾಗ್ನಟೈಟ್ ಕೂತಿರುತ್ತದೆ. ಹಾಗಾಗಿ ನಡುಭಾಗ ಕಪ್ಪಗೆ, ಹಳತು. ಕಿತ್ತಳೆ ಹೊರ ಅಂಚಿಗೆ, ತುಕ್ಕು ಇನ್ನೂ ಮುಂದೆ ಸಾಗುತ್ತಿರುವ ಕಡೆ. ಕಡಲ ಗಾಳಿ ಬೇರೆ. ಅದರ ಉಪ್ಪು ತಗಡಿನ ಮೇಲೆ ಕೂತು ತೇವವನ್ನು ಹಿಡಿದಿಡುತ್ತದೆ, ಒಳಗಿನ ಕಬ್ಬಿಣವನ್ನು ಕೆದಕುತ್ತಲೇ ಇರುತ್ತದೆ. ಮುಂಗಾರಿನ ಇರಚಲು ಬರುವುದು ನೈಋತ್ಯದಿಂದ. ಪಡುವಣಕ್ಕೆ ಮುಖ ಮಾಡಿದ ಎಡಮಗ್ಗುಲಿಗೆ ಒಂದು ಪಾಲು ಹೆಚ್ಚು ತುಕ್ಕು ಕೊಡುತ್ತಿದ್ದೇನೆ.

ಗ್ಲಾಸಿನ ಬೀಡಿಂಗಿನ ಸುತ್ತ ಬಣ್ಣಕ್ಕೆ ಚಿಟಿಕೆ ಅಡುಗೆ ಸೋಡಾ ಕಲಸಿ ಮುಟ್ಟಿಸುತ್ತೇನೆ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಹೆಚ್ಚು ಜಾಗ ಬೇಕು, ಎರಡು ಪಟ್ಟಿಗೂ ಮೀರಿ. ಒಳಗಿಂದ ನೂಕಿಸಿಕೊಂಡ ಪೇಂಟು ಗುಳ್ಳೆ ಏಳುತ್ತದೆ. ಒಣಗಿದ ಮೇಲೆ ಬೆರಳಾಡಿಸಿ ನೋಡಿ, ತರಿ ತರಿ.

ಈಗ ನನಗೆ ತೀರ ಇಷ್ಟವಾದ ಕೆಲಸ. ಆ ಡಬ್ಬಿ ಕೊಡಿ. ಹೌದು, ಕೂದಲಿಗೆ ಹೊಡೆಯುವ ಹೇರ್‌ಸ್ಪ್ರೇಯೇ. ತುಕ್ಕಿನ ಮೇಲೆ ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಕೋಣೆಯೆಲ್ಲ ಬ್ಯೂಟಿ ಪಾರ್ಲರಿನ ವಾಸನೆ. ಅದರ ಮೇಲೆ ಏರ್‌ಬ್ರಷ್‌ನಲ್ಲಿ ಅಕ್ರಿಲಿಕ್ ಬಿಳಿ. ಅಚ್ಚ ಬಿಳಿ ಅಲ್ಲ, ಒಂದು ಹನಿ ಹಳದಿ ಬೆರೆಸಿದ್ದೇನೆ; ಬಿಸಿಲು ತಿಂದ ಸರಕಾರಿ ಬಿಳಿ ಹೀಗೇ ಇರುತ್ತದೆ. ಎಲ್ಲ ತುಕ್ಕೂ ಮುಚ್ಚಿಹೋಯಿತು. ಶೋರೂಮಿನಿಂದ ಈಗಷ್ಟೇ ಇಳಿಸಿದಂತಿದೆ. ಮಳೆಗಾಲದ ಗಾಳಿಯಲ್ಲಿ ಬಿಳಿ ಬೇಗ ಒಣಗದು, ಮೇಜಿನ ದೀಪವನ್ನು ಹತ್ತಿರಕ್ಕೆಳೆದು ಕಾಯೋಣ. ಆದರೆ ನಾಳೆಗೆ ಬಿಡುವ ಹಾಗೂ ಇಲ್ಲ. ಅಕ್ರಿಲಿಕ್ ಪೂರ್ತಿ ಗಟ್ಟಿಯಾದರೆ ಮತ್ತೆ ಜಗ್ಗುವುದಿಲ್ಲ.

ಕೈಗೆ ಅಂಟುತ್ತಿಲ್ಲ. ಸರಿ. ಮೋಟುಬ್ರಷ್ಷನ್ನು ನೀರಿಗದ್ದಿ ಬಾಗಿಲ ಕೆಳಗೆ ಒದ್ದೆ ಮಾಡುತ್ತೇನೆ. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ತಾಳಿ, ನೀರು ಬಿಳಿಯ ಒಳಗಿಂದ ಹಾದು ಅಡಿಯ ಹೇರ್‌ಸ್ಪ್ರೇಯನ್ನು ಕರಗಿಸಬೇಕು. ಬ್ರಷ್ಷಿನ ತುದಿಯಿಂದ ಮೆಲ್ಲಗೆ ಕುಟ್ಟುತ್ತೇನೆ, ಕುಟ್ಟುತ್ತೇನೆ... ಬಿರುಕು ಬಂತು! ಬಿಳಿಯ ಒಂದು ಹಕ್ಕಳೆ ಎದ್ದು ನೀರಲ್ಲಿ ತೇಲಿತು, ಅಡಿಯಿಂದ ಕಂದು ಇಣುಕಿತು. ಮತ್ತೊಂದು. ಅದರ ಪಕ್ಕದಲ್ಲಿ ಸೂಜಿಯಿಂದ ಒಂದು ಗೀರು. ಈ ಅಂಚನ್ನು ಕೈಯಿಂದ ಬರೆಯುತ್ತೇನೆಂದರೆ ಎಂಥ ಚಿತ್ರಗಾರನಿಗೂ ಆಗದು; ಪೇಂಟು ತಾನೇ ಒಡೆದು, ತನಗೆ ಬೇಕಾದಲ್ಲಿ ನಿಂತಿದೆ. ಕೈಗೆ ಇಲ್ಲಿ ಆಸೆ ಹೆಚ್ಚುತ್ತದೆ. ಬಾಗಿಲ ನಡುವಿಗೆ ಮಾತ್ರ ನೀರು ಮುಟ್ಟಿಸುವುದಿಲ್ಲ, ಅಲ್ಲಿ ನೀರು ನಿಲ್ಲುವ ಕಾರಣವೇ ಇಲ್ಲ.

ಟಯರುಗಳ ಅಡಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ಚಪ್ಪಟೆ ಮಾಡಿದ್ದೇನೆ, ಎಡಗಡೆಯ ಎರಡನ್ನು ಹೆಚ್ಚು. ಗಾಳಿ ಹೋಗಿ ಕಾರು ಎಡಕ್ಕೆ ವಾಲಿದೆ. ಕಲೆ ಇಳಿಸುವ ಮೊದಲು ಇದು ಆಗಲೇಬೇಕು, ಏಕೆಂದರೆ ನೀರು ಕಾರಿನ ಗೆರೆ ನೋಡಿ ಇಳಿಯುವುದಿಲ್ಲ, ಭೂಮಿ ನೋಡಿ ಇಳಿಯುತ್ತದೆ. ಟಾಪಿನ ತೂತಿನ ಅಂಚಿಗೆ ಬರ್ನ್ಟ್ ಸಿಯೆನ್ನಾ ಎಣ್ಣೆಬಣ್ಣದ ಒಂದು ಚುಕ್ಕೆ. ಎಣ್ಣೆ ಹೀರಿಹೋಗಲೆಂದು ಬಣ್ಣವನ್ನು ರಾತ್ರಿಯೇ ರಟ್ಟಿನ ಮೇಲೆ ಹಿಂಡಿಟ್ಟಿದ್ದೆ, ಇಲ್ಲದಿದ್ದರೆ ಮಿರುಗುತ್ತದೆ. ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದ ಚಪ್ಪಟೆ ಬ್ರಷ್ಷಿನಿಂದ ಕೆಳಕ್ಕೆ ಎಳೆಯುತ್ತೇನೆ, ಮತ್ತೊಮ್ಮೆ, ಇನ್ನೂ ಹಗುರವಾಗಿ. ಚುಕ್ಕೆ ಕರಗಿ ಎಡಕ್ಕೆ ಓರೆಯಾಗಿ ಇಳಿದು ಗ್ಲಾಸಿನ ಮೂಲೆ ಸೇರಿತು. ಬಂಪರಿಗೆ ಈ ಆಟ ಬೇಡ. ಕ್ರೋಮ್ ಲೇಪದಡಿ ತುಕ್ಕು ಬರುವುದು ಸೂಜಿಚುಚ್ಚಿನಂಥ ಚುಕ್ಕೆಗಳಾಗಿ, ಟೂತ್‌ಪಿಕ್ ಸಾಕು.

ಈ ಸೀಸೆಯಲ್ಲಿರುವುದು ಅಂಗಡಿಯ ಬಣ್ಣವಲ್ಲ, ಬಾವಿಕಟ್ಟೆಯ ಮುರಕಲ್ಲಿನ ಪುಡಿ, ತೆಳುಬಟ್ಟೆಯಲ್ಲಿ ಸೋಸಿದ್ದು. ಮುರಕಲ್ಲು ಕೆಂಪಗಿರುವುದು ಕಬ್ಬಿಣದ ಆಕ್ಸೈಡಿನಿಂದಲೇ. ತುಕ್ಕಿನ ಪಕ್ಕದಲ್ಲಿಟ್ಟರೆ ಒಂದೇ ಮನೆಯವೆಂದು ಗೊತ್ತಾಗುತ್ತದೆ. ಮಳೆಹನಿ ನೆಲಕ್ಕೆ ಬಿದ್ದು ಕೆಸರನ್ನು ಒಂದಡಿ ಎತ್ತರಕ್ಕೆ ಸಿಡಿಸುತ್ತದೆಂದು ಇಟ್ಟುಕೊಂಡರೆ ಇಲ್ಲಿ ಎಂಟು ಮಿಲಿಮೀಟರ್. ಅದಕ್ಕಿಂತ ಮೇಲೆ ಬ್ರಷ್ ಹೋಗದು.

ಕೊನೆಗೆ ಮಾವಿನೆಲೆ. ನಿಜವಾದದ್ದು ಒಂದು ಗೇಣು. ಇಲ್ಲಿ ಐದಾರು ಮಿಲಿಮೀಟರ್, ಅಗಲ ಒಂದೂ ಚಿಲ್ಲರೆ. ತೋಟದಲ್ಲೆಲ್ಲ ಹರಡಿರುವ ನಾಚಿಕೆಮುಳ್ಳಿನ ಎಲೆಯ ಚಿಕ್ಕ ಎಸಳುಗಳು ಅಳತೆಗೂ ಆಕಾರಕ್ಕೂ ಸರಿಯಾಗಿ ಸಿಕ್ಕಿವೆ. ಮಡಚಿಕೊಳ್ಳುವುದನ್ನು ಬಿಡಿಸಿ, ಪುಸ್ತಕದ ನಡುವೆ ಒತ್ತಿ ಒಣಗಿಸಿದೆ. ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಬಾನೆಟ್ಟಿಗೂ ಗ್ಲಾಸಿಗೂ ನಡುವಿನ ಸಂದಿಗೆ ತುಂಬುತ್ತಿದ್ದೇನೆ. ಕೊಳೆತ ಎಲೆ ನೀರು ಹಿಡಿದದ್ದರಿಂದಲೇ ಆ ಸಂದಿಗೆ ಅಷ್ಟು ತುಕ್ಕು ಕೊಟ್ಟಿದ್ದು. ಈಗ ಅದರ ಬಹುಪಾಲು ಎಲೆಯಡಿ ಮುಚ್ಚಿಹೋಗುತ್ತಿದೆ. ಹೋಗಲಿ.

ಬಾಗಿಲಲ್ಲಿ ಕೊಡೆ ಮಡಚುವ ಸದ್ದು. ಪಕ್ಕದ ಮನೆಯವರು, ಸರಕಾರಿ ಅಂಬಾಸಿಡರ್ ಓಡಿಸಿಯೇ ನಿವೃತ್ತರಾದವರು, ನಮಗೆಲ್ಲ ಡ್ರೈವರಣ್ಣ. ಕನ್ನಡಕ ಮೇಲೇರಿಸಿ, ಕಾರನ್ನು ಅಂಗೈ ಮೇಲೆ ಇಟ್ಟುಕೊಂಡು, ಟಾಪು ನೋಡಿದರು, ಡಿಕ್ಕಿ ನೋಡಿದರು. ಆಮೇಲೆ ಕಿಟಕಿಯೊಳಗೆ ಇಣುಕಿದರು.

“ಇದೆಂತ ಮಾರಾಯ್ರೆ, ಡ್ರೈವರ್ ಸೈಡಿನ ನೆಲಕ್ಕೆ ತುಕ್ಕೇ ಇಲ್ಲ?”

“ಒಳಗೆ ಇನ್ನೂ ಬಾಕಿ ಉಂಟು ಡ್ರೈವರಣ್ಣ.”

“ಮೊದಲು ಹೋಗುದೇ ಅದು. ಮಳೆಗಾಲ ಪೂರ್ತಿ ಚಪ್ಪಲಿ ಚಂಡಿ. ರಬ್ಬರ್ ಮ್ಯಾಟಿನ ಅಡಿಗೆ ನೀರು ಹೋದ್ರೆ ದೀಪಾವಳಿವರೆಗೆ ಒಣಗುದಿಲ್ಲ. ನನ್ನ ಗಾಡಿಯಲ್ಲಿ ಕ್ಲಚ್ಚಿನ ಹತ್ರ ರಸ್ತೆ ಕಾಣ್ತಿತ್ತು. ಒಂದು ತಗಡು ಇಟ್ಟು ಅದರ ಮೇಲೆ ಕಾಲಿಟ್ಟು ಓಡಿಸ್ತಿದ್ದೆ.”

ತಗಡು! ಎಣ್ಣೆ ಡಬ್ಬಿಯ ಚೌಕ ತಗಡು, ಮೂಲೆ ಮಡಚಿದ್ದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನಲ್ಲಿ ಒಂದು ಸೆಂಟಿಮೀಟರಿನಷ್ಟು ಕತ್ತರಿಸಿದರೆ ಆಯಿತು. ನೆಲ ಬಿಚ್ಚಬೇಕು. ಆ ಸಣ್ಣ ಸ್ಕ್ರೂಡ್ರೈವರ್ ನಿಮ್ಮ ಕೈ ಹತ್ತಿರವೇ ಇದೆ ನೋಡಿ, ಸ್ವಲ್ಪ ಈ ಕಡೆ ಕೊಡಿ.